ಅಮೆರಿಕದ ಕಚೇರಿಗೆ ಕಾಲಿಡುವ ಕನ್ನಡಿಗರಿಗೆ

ಕಚೇರಿಯ ಲಿಫ್ಟಿನಲ್ಲಿ, ಊಟದ ಕೋಣೆಯಲ್ಲಿ, ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಿಂದ ಬ್ಲ್ಯಾಕ್ ಸಹೋದ್ಯೋಗಿಯನ್ನು ‘ಆ ಕರಿಯ’ ಎನ್ನಬೇಡಿ. ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಮ್ಮ ಊರುಗಳಲ್ಲಿ ಕರಿಯಪ್ಪ, ಕರಿಯಮ್ಮ ಎಂದರೆ ದೇವರ ಹೆಸರು, ಮಕ್ಕಳಿಗೆ ಇಡುವ ಹೆಸರು. ಇಲ್ಲಿ ಅದೇ ಪದ ತಾತ್ಸಾರದ ದನಿಯಲ್ಲಿ ಹೊರಡುತ್ತದೆ, ದನಿ ಎಲ್ಲರಿಗೂ ಅರ್ಥವಾಗುತ್ತದೆ. ‘ಬ್ಲ್ಯಾಕ್’ ಎನ್ನಿ, ‘ಆಫ್ರಿಕನ್ ಅಮೆರಿಕನ್’ ಎನ್ನಿ. ಹಳೆಯ ಪಠ್ಯಪುಸ್ತಕದ ‘ನೀಗ್ರೊ’ ಬೇಡವೇ ಬೇಡ.

ನಾನು ಬಂದ ಮೊದಲ ವರ್ಷ ಒಂದು ದಿನ ಬ್ಯಾಡ್ಜ್ ಮರೆತು ಕಚೇರಿಗೆ ಹೋದೆ. ಬಾಗಿಲಲ್ಲಿದ್ದ ಕಾವಲುಗಾರ ನಗುತ್ತಲೇ ಒಳಗೆ ಬಿಟ್ಟ. ನನ್ನ ಹಿಂದೆಯೇ ಬಂದವರು ಹನ್ನೊಂದು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಬ್ಲ್ಯಾಕ್ ಎಂಜಿನಿಯರ್. ಬ್ಯಾಡ್ಜ್ ಕೊರಳಲ್ಲೇ ತೂಗುತ್ತಿತ್ತು. ಅವರನ್ನು ನಿಲ್ಲಿಸಿ, ಅದನ್ನು ಕೈಗೆ ತೆಗೆದುಕೊಂಡು, ಫೋಟೊಗೂ ಮುಖಕ್ಕೂ ಎರಡು ಸಲ ತಾಳೆ ನೋಡಿದ. ಅವರು ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ, ಅದು ಇಂದಿಗೂ ಚುಚ್ಚುತ್ತದೆ.

‘ನಾವು ಓದಿ ಮೇಲೆ ಬಂದೆವು, ಅವರಿಗೇನು ಅಡ್ಡಿ?’ ಎಂದು ನಮ್ಮವರೇ ಕೇಳುವುದುಂಟು. 1946ರಲ್ಲಿ ವಲಸೆ ಕಾನೂನು ತುಸು ಸಡಿಲವಾದ ನಂತರವೂ ವರ್ಷಕ್ಕೆ ಸುಮಾರು ನೂರು ಭಾರತೀಯರು ಮಾತ್ರ ಇಲ್ಲಿ ನೆಲೆಸಲು ಬರಬಹುದಿತ್ತು. ಬಾಗಿಲು ಅಗಲವಾದದ್ದು 1965ರ ವಲಸೆ ಕಾನೂನಿನಿಂದ, ಆ ಕಾನೂನಿಗೆ ನೆಲ ಹದ ಮಾಡಿದ್ದು ಬ್ಲ್ಯಾಕ್ ಜನರ ನಾಗರಿಕ ಹಕ್ಕು ಚಳವಳಿ. ಓದಿದವರನ್ನೇ ಆರಿಸಿ ತರುವ ವೀಸಾದಲ್ಲಿ ಇಳಿದ ನಾವು, ತಲೆಮಾರುಗಟ್ಟಲೆ ಒಳ್ಳೆಯ ಶಾಲೆಗೂ ಕೆಲಸಕ್ಕೂ ತಡೆ ಕಂಡ ಜನರ ಜೊತೆ ಹೋಲಿಕೆಗೆ ಇಳಿಯುವುದು ಅನ್ಯಾಯ.

ತಡೆ ಇನ್ನೂ ಇದೆ. ಬಾಸ್ಟನ್ ಮತ್ತು ಶಿಕಾಗೊದ ಉದ್ಯೋಗ ಜಾಹೀರಾತುಗಳಿಗೆ ಇಬ್ಬರು ಅರ್ಥಶಾಸ್ತ್ರಜ್ಞರು ಕಲ್ಪಿತ ಅರ್ಜಿಗಳನ್ನು ಕಳುಹಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯರದೆನಿಸುವ ಎಮಿಲಿ, ಗ್ರೆಗ್ ಎಂಬಂಥ ಹೆಸರುಗಳಿಗೆ ಸುಮಾರು 10 ಅರ್ಜಿಗೆ ಒಂದು ಕರೆ. ಬ್ಲ್ಯಾಕ್ ಜನರದೆನಿಸುವ ಲಕೀಶಾ, ಜಮಾಲ್ ಎಂಬಂಥ ಹೆಸರುಗಳಿಗೆ ಸುಮಾರು 15ಕ್ಕೆ ಒಂದು. ಕೂದಲಿನ ಕಥೆಯೂ ಹೀಗೆಯೇ: ಬ್ಲ್ಯಾಕ್ ಜನರ ಹೆಣೆದ ಜಡೆಯ ನೆಪದಲ್ಲಿ ಕೆಲಸ ತಪ್ಪಿಸುವುದನ್ನು ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ಬೇರೆ ಕಾನೂನನ್ನೇ ತರಬೇಕಾಯಿತು. ಕುತೂಹಲಕ್ಕೂ ಯಾರ ಕೂದಲನ್ನೂ ಮುಟ್ಟಬೇಡಿ.

ಇನ್ನು ನಮ್ಮ ಕೈಯಲ್ಲೇ ಇರುವ ವಿಷಯ, ರೆಫರಲ್, ಅಂದರೆ ಗೊತ್ತಿರುವವರನ್ನು ಕೆಲಸಕ್ಕೆ ಸೂಚಿಸುವುದು. ಹುದ್ದೆ ಖಾಲಿಯಾದರೆ ನಾವು ಮೊದಲು ತಿಳಿಸುವುದು ನಮ್ಮ ಕಾಲೇಜಿನ ಗುಂಪಿಗೆ, ಕನ್ನಡ ಕೂಟದ ಗೆಳೆಯರಿಗೆ. ಪ್ರೀತಿಯಿಂದಲೇ ಮಾಡುತ್ತೇವೆ, ನನಗೂ ಮೊದಲ ಕೆಲಸ ಸಿಕ್ಕಿದ್ದು ಹಾಗೆಯೇ. ಆದರೆ ಎಲ್ಲರೂ ತಮ್ಮವರನ್ನೇ ಕರೆದರೆ, ಒಳಗೆ ತಮ್ಮವರು ಯಾರೂ ಇಲ್ಲದವರ ಅರ್ಜಿ ಮೇಜಿನವರೆಗೂ ಬರುವುದಿಲ್ಲ. ಆದ್ದರಿಂದ ಅದೇ ಸುದ್ದಿಯನ್ನು ಪಕ್ಕದ ಮೇಜಿನ ಬ್ಲ್ಯಾಕ್ ಸಹೋದ್ಯೋಗಿಗೂ ಹೇಳಿ, ಅವರಿಗೆ ಗೊತ್ತಿರುವವರನ್ನು ಕಳುಹಿಸಲು ಕೇಳಿ.

ಜನಾಂಗ, ಬಣ್ಣ, ಮೂಲದೇಶದ ಕಾರಣಕ್ಕೆ ಉದ್ಯೋಗದಲ್ಲಿ ತಾರತಮ್ಯ ಮಾಡಕೂಡದೆಂದು 1964ರ ನಾಗರಿಕ ಹಕ್ಕು ಕಾನೂನು ಹೇಳುತ್ತದೆ. 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದು ಅನ್ವಯ, ವೀಸಾದ ಮೇಲಿರುವ ನಿಮಗೂ ಅದರ ರಕ್ಷಣೆ ಇದೆ. ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಲು 180 ದಿನ, ಹಲವು ರಾಜ್ಯಗಳಲ್ಲಿ 300 ದಿನ ಅವಕಾಶ.

ನಾಳೆ ನೀವೇ ಸಂದರ್ಶನ ನಡೆಸುವವರಾಗುತ್ತೀರಿ. ಯಾರಾದರೂ ‘ಈತ ನಮ್ಮ ತಂಡಕ್ಕೆ ಹೊಂದುವುದಿಲ್ಲ’ ಎಂದರೆ, ‘ಯಾವ ಕೆಲಸದಲ್ಲಿ?’ ಎಂದು ಕೇಳಿ. ಹೋದ ವರ್ಷ ನಾನು ಕೇಳಿದಾಗ ಕೋಣೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಹುಡುಗ ಈಗ ನನ್ನ ಎದುರಿನ ಮೇಜಿನಲ್ಲಿ ಕೂರುತ್ತಾನೆ.