ಸ್ಕೂಲ್ ಡೇ ವರದಿಯಲ್ಲಿ ಮೌಲ್ಯ ಹೀರುವವರು ಯಾರು?

ಡಿಸೆಂಬರ್ ಬಂತೆಂದರೆ ಉಡುಪಿಯಲ್ಲಿ ಸ್ಕೂಲ್ ಡೇ ಸೀಸನ್. ಶಾಲೆಗಳ ವಾರ್ಷಿಕ ವರದಿಗಳು ಪ್ರೆಸ್ಸಿಗೆ ಹೋಗುವ ಮೊದಲು ಇಂಗ್ಲಿಷ್ ತಿದ್ದಲು ನನ್ನ ಹತ್ತಿರ ಬರುತ್ತವೆ. ಮಾತಿನಲ್ಲಿ ಯಾರೂ ಆಡದ ಒಂದು ಕ್ರಿಯಾಪದ ಇವುಗಳಲ್ಲಿ ಮಾತ್ರ ಆಗಾಗ ಸಿಗುತ್ತದೆ: ಇಂಬೈಬ್. 'ವಿ ಇಂಬೈಬ್ ವ್ಯಾಲ್ಯೂಸ್ ಇನ್ ಅವರ್ ಚಿಲ್ಡ್ರನ್.'

ಅಂದರೆ ಮೌಲ್ಯ ಹೀರುತ್ತಿರುವವರು ಶಾಲೆಯವರು! ಹೀರಬೇಕಾದವರು ಮಕ್ಕಳಲ್ವಾ?

ಪದದ ಮೂಲ ಲ್ಯಾಟಿನ್‌ನ 'ಬಿಬೆರೆ', ಕುಡಿಯುವುದು. ಬೆವರೇಜಸ್ ಅಂತ ಬೋರ್ಡ್ ಕಾಣುತ್ತದಲ್ಲ, ಆ ಪದದ ಬೇರೂ ಅದೇ. ಈಗ ಇಂಬೈಬ್ ಅಂದರೆ ಸಾಮಾನ್ಯವಾಗಿ ಮದ್ಯ ಕುಡಿಯುವುದೇ, ಅದೂ ಸ್ವಲ್ಪ ಗತ್ತಿನಲ್ಲೋ ತಮಾಷೆಗೋ ಹೇಳುವಾಗ. ಗೋಳಿಬಜೆ ತಿಂದದ್ದಕ್ಕೆ ಇದು ಬರುವುದೇ ಇಲ್ಲ. ಇನ್ನೊಂದು ಅರ್ಥ ಹೀರಿಕೊಳ್ಳುವುದು. ಒಣ ಬೀಜ ನೀರು ಹೀರಿ ಉಬ್ಬುವುದಕ್ಕೆ ಸಸ್ಯಶಾಸ್ತ್ರದಲ್ಲಿ ಇಂಬಿಬಿಷನ್ ಎನ್ನುತ್ತಾರೆ. ಆಟಿಯ ಮಳೆಗೆ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದೂ ಅದೇ. ವಿಚಾರ, ಸಂಸ್ಕಾರ ಮೈಗೂಡಿಸಿಕೊಳ್ಳುವ ಅರ್ಥ ಬಂದದ್ದು ಹೀಗೆ.

ಕನ್ನಡದವರು ಇಲ್ಲಿ ಎಡವಲು ಒಂದು ಕಾರಣ ನಮ್ಮ 'ಇಸು' ಇರಬಹುದು ಅಂತ ನನ್ನ ಲೆಕ್ಕ. ಕುಡಿ ಎಂಬುದನ್ನು ಕುಡಿಸು ಮಾಡುತ್ತೇವೆ, ಕಲಿಯನ್ನು ಕಲಿಸು. ಇಂಬೈಬ್‌ಗೆ ಈಗಿನ ಇಂಗ್ಲಿಷಿನಲ್ಲಿ ಅಂಥ ಬಾಲ ಇಲ್ಲ. ಒಳಗೆ ಎಳೆದುಕೊಂಡವರೇ ಕರ್ತೃ ಆಗಬೇಕು.

ಹಾಗಾಗಿ ತಿದ್ದುವಾಗ ಆ ಜಾಗದಲ್ಲಿ 'ಹೀರಿಕೊಳ್ಳು' ಇಟ್ಟು ಓದುತ್ತೇನೆ. ಮಕ್ಕಳು ಕರ್ತೃವಾದರೆ ಇಂಬೈಬ್ ಇರಲಿ: 'ಅವರ್ ಚಿಲ್ಡ್ರನ್ ಇಂಬೈಬ್ ವ್ಯಾಲ್ಯೂಸ್.' ಶಾಲೆಯೇ ಕರ್ತೃ ಆಗಬೇಕೆಂದರೆ ಪದವನ್ನು 'ಇನ್‌ಸ್ಟಿಲ್' ಮಾಡುತ್ತೇನೆ. ಅದರ ಬೇರು ಲ್ಯಾಟಿನ್‌ನಲ್ಲಿ ಹನಿ. ಹನಿಹನಿಯಾಗಿ ಹಾಕುವವರು ಟೀಚರು, ಹೀರುವವರು ಮಕ್ಕಳು. ಮೌಲ್ಯವೆಲ್ಲ ಆ ವಾರ್ಷಿಕ ವರದಿಯಲ್ಲೇ ಇಂಗಿ ಹೋಗುತ್ತದೋ ಏನೋ, ಅದು ಬೇರೆ ಮಾತು.

"ಎಂತ ಸರ್, ಎಲ್ಲ ಶಾಲೆಯವರೂ ಹೀಗೇ ಬರೆಯುವುದಲ್ವಾ?" ಎಂದು ಒಬ್ಬರು ಹೆಡ್‌ಮಿಸ್ ಕೇಳಿದ್ದರು.

"ಬರೀತಾರೆ ಟೀಚರ್. ಆದರೆ ಮಕ್ಕಳಿಗೆ ಹಾಲು ಕುಡಿಸಿದೆವು ಅನ್ನುವ ಕಡೆ ನಾವೇ ಕುಡಿದೆವು ಅಂತ ಬರೆದ ಹಾಗಾಯ್ತು."

ಅವರು ನಕ್ಕು ಒಪ್ಪಿದರು. ಇನ್‌ಸ್ಟಿಲ್‌ಗೆ ಎಲ್ ಒಂದೋ ಎರಡೋ ಅಂತ ಆಮೇಲೆ ಚರ್ಚೆ ಶುರುವಾಯಿತು. ಬ್ರಿಟಿಷರಿಗೆ ಒಂದು, ಅಮೆರಿಕದವರಿಗೆ ಎರಡು. ನಮ್ಮ ಶಾಲೆಗಳ ವರದಿಗೆ ನಾನು ಒಂದೇ ಹಾಕುವುದು.