ಠಾಣೆಯಿಂದ ಫೋನ್ ಬಂದರೆ ವಕೀಲರ ಮುಂದೆ ಕೂರುವುದು ಹೇಗೆ?

ಬೇಲಿ ಜಗಳ, ದಾರಿ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ. ಹಾಸನ, ಬೇಲೂರು, ಸಕಲೇಶಪುರದ ಕೋರ್ಟ್ ಆವರಣದಲ್ಲಿ ತಮ್ಮ ಸರದಿಗೆ ಕಾದು ನಿಂತ ಆರೋಪಿಗಳನ್ನು ಮಾತಾಡಿಸಿದರೆ ಕೇಳಿಬರುವ ಕತೆಗಳು ಇವೇ. ಕಸುಬಿನ ಕಳ್ಳರಿಗಾದರೆ ಮುಂದೇನು ಮಾಡಬೇಕೆಂದು ಗೊತ್ತಿರುತ್ತದೆ, ಇವರಿಗೆ ಗೊತ್ತಿರುವುದಿಲ್ಲ. ವಕೀಲರನ್ನು ಹಿಡಿದರೆ ಮುಗಿಯಿತು, ಉಳಿದದ್ದು ಅವರ ತಲೆನೋವು ಎಂದುಕೊಂಡು ಅರ್ಧ ಸಂಗತಿ ಹೇಳಿ ಅರ್ಧ ಮುಚ್ಚಿಟ್ಟು, ಕೇಸನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

1. ಫೋನ್ ಬಂದ ಕೂಡಲೇ

"ಸಾಹೇಬ್ರು ಕರೀತಿದ್ದಾರೆ, ಒಂದ್ಸಲ ಸ್ಟೇಷನ್ ಹತ್ರ ಬಂದು ಹೋಗಿ" ಎಂದರೆ ಮೊಬೈಲ್ ಆಫ್ ಮಾಡಿ ನೆಂಟರ ಮನೆ ಸೇರಬೇಡಿ. 'ತಲೆಮರೆಸಿಕೊಂಡಿದ್ದ' ಎಂಬ ಒಂದು ಸಾಲು ಮುಂದೆ ಜಾಮೀನಿಗೆ ಅಡ್ಡಗಾಲು ಹಾಕುತ್ತದೆ. ದೂರು ಕೊಟ್ಟವರು ಯಾರು, ಅದಿನ್ನೂ ಅರ್ಜಿಯೋ ಎಫ್‌ಐಆರ್ ಆಗಿದೆಯೋ, ಆಗಿದ್ದರೆ ಕ್ರೈಂ ನಂಬರ್ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಬಂಧಿಸುವ ಅಗತ್ಯವಿಲ್ಲದ ಕಡೆ ಪೊಲೀಸರು ಕೊಡಬೇಕಾದದ್ದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 35(3)ರ ನೋಟಿಸ್. ಅದರಂತೆ ಹಾಜರಾಗುತ್ತಿರುವವರನ್ನು ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಹಾಗೆಂದು ಬಂದ ಮೆಸೇಜನ್ನು ಅಳಿಸಬೇಡಿ, ವಕೀಲರಿಗೆ ತೋರಿಸಿ.

ವಿಡಿಯೊ ಕಾಲ್‌ನಲ್ಲಿ ಯೂನಿಫಾರ್ಮ್ ತೋರಿಸಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ದುಡ್ಡು ಕೇಳಿದರೆ ಫೋನ್ ಇಡಿ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ.

2. ಎಫ್‌ಐಆರ್ ಪ್ರತಿ

ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಜಿಲ್ಲೆ, ಠಾಣೆ, ಕ್ರೈಂ ನಂಬರ್ ಕೊಟ್ಟು ಹುಡುಕಿ. ಸೂಕ್ಷ್ಮ ಪ್ರಕರಣಗಳು ಅಲ್ಲಿರುವುದಿಲ್ಲ. ಪ್ರತಿ ಸಿಕ್ಕರೆ ಮೊದಲು ನೋಡಬೇಕಾದದ್ದು ಸೆಕ್ಷನ್‌ಗಳನ್ನು. 2024ರ ಜುಲೈ 1ರಿಂದೀಚೆಗೆ ನಡೆದ ಘಟನೆಗೆ ಭಾರತೀಯ ನ್ಯಾಯ ಸಂಹಿತೆ, ಅದಕ್ಕೂ ಹಿಂದಿನದಕ್ಕೆ ಹಳೆಯ ಐಪಿಸಿ.

ಒಂದೇ ಬೇಲಿ ಜಗಳ ಹೇಗೆ ಎರಡಾಗುತ್ತದೆ ನೋಡಿ. ಬರಿಗೈಯಲ್ಲಿ ಹೊಡೆದದ್ದಕ್ಕೆ ನ್ಯಾಯ ಸಂಹಿತೆಯ 115(2), ಬಾಯಿಗೆ ಬಂದಂತೆ ಬೈದು ಕೆಣಕಿದ್ದಕ್ಕೆ 352, ಬೆದರಿಕೆ ಹಾಕಿದ್ದಕ್ಕೆ 351(2). ಇವೆಲ್ಲ ಜಾಮೀನು ಸಿಗುವಂಥವು. ಮಚ್ಚು ಬೀಸಿ ಗಾಯ ಮಾಡಿದ ಎಂದು ದೂರಿನಲ್ಲಿ ಸೇರಿದರೆ 118(1) ಬೀಳುತ್ತದೆ, ಅದು ಜಾಮೀನುರಹಿತ, ಅಂದರೆ ಜಾಮೀನು ಹಕ್ಕಿನಂತೆ ಸಿಗದು, ಕೊಡುವುದು ಕೋರ್ಟಿಗೆ ಬಿಟ್ಟದ್ದು. ಇದೇ ಅಪರಾಧದ ಹಳೆಯ ಐಪಿಸಿ 324ರ ಲೆಕ್ಕದಲ್ಲೇ ಇರುವ ಊರಿನ ಕಾನೂನು ಪಂಡಿತರು "ಏನಾಗಲ್ಲ ಬಿಡು, ಸ್ಟೇಷನ್ ಬೇಲ್ ಸಿಗುತ್ತೆ" ಎಂದು ಧೈರ್ಯ ತುಂಬಿದರೆ ನಂಬಬೇಡಿ.

3. ಯಾವ ವಕೀಲರು?

ಕೇಸು ಯಾವ ಕೋರ್ಟಿಗೆ ಬರುತ್ತದೋ ಅಲ್ಲಿ ದಿನಾ ಕ್ರಿಮಿನಲ್ ಕೇಸು ನಡೆಸುವವರು. ಆಲೂರಿನ ಕೇಸಿಗೆ ಬೆಂಗಳೂರಿನಿಂದ ದೊಡ್ಡ ಹೆಸರು ಕರೆತರುವುದು ದುಡ್ಡಿಗೆ ದಂಡ. ಎಫ್‌ಐಆರ್ ರದ್ದು ಕೋರಿ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಆಗ ನೋಡಿಕೊಳ್ಳಿ. ಪಾಲಿನ ದಾವೆ ನಡೆಸಿಕೊಟ್ಟ ಸಿವಿಲ್ ವಕೀಲರು ಎಷ್ಟೇ ಆಪ್ತರಾಗಿದ್ದರೂ ಇದಕ್ಕೆ ಬೇಡ. "ಜಡ್ಜ್ ಸಾಹೇಬ್ರು ಗೊತ್ತು" ಎನ್ನುವವರ ಕಚೇರಿಯಿಂದ ಎದ್ದು ಬನ್ನಿ. "ಗೆದ್ದರೆ ಇಷ್ಟು ಕೊಡಿ" ಎಂಬ ಒಪ್ಪಂದಕ್ಕೂ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. ಫೀಸನ್ನು ಜಾಮೀನಿಗೆ ಇಷ್ಟು, ವಿಚಾರಣೆಗೆ ಇಷ್ಟು ಎಂದು ಬಿಡಿಬಿಡಿಯಾಗಿ ಮಾತಾಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ.

ಫೀಸು ಕೊಡುವ ಶಕ್ತಿ ಇಲ್ಲವೇ? ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯದ ಮಿತಿ ನೋಡುವುದಿಲ್ಲ.

4. ಮೊದಲ ಭೇಟಿ

ಎಲ್ಲರೂ ಎಡವುವುದು ಇಲ್ಲಿ.

ದಂಡು ಕಟ್ಟಿಕೊಂಡು ಹೋಗಬೇಡಿ. ಭಾವಮೈದ, ಪಂಚಾಯ್ತಿ ಮೆಂಬರು, ಪಕ್ಕದ ತೋಟದವರು ಎಲ್ಲ ಒಂದೇ ಜೀಪಿನಲ್ಲಿ ಬಂದಿಳಿದು, ಆರೋಪಿಯ ಪರವಾಗಿ ಅವರೇ ಮಾತಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರೆದುರು ನೀವು ನಿಜ ಹೇಳುವುದಿಲ್ಲ. ನಾಳೆ ಅವರಲ್ಲೊಬ್ಬರು ಸಾಕ್ಷಿಯೂ ಆಗಬಹುದು. ನೀವು ವಕೀಲರಿಗೆ ಹೇಳಿದ್ದು ಗುಟ್ಟಾಗಿಯೇ ಇರಬೇಕು, ಅವರ ಗುಮಾಸ್ತರೂ ಬಾಯಿ ಬಿಡುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಹೇಳುತ್ತದೆ. ಮುಂದೆ ಮಾಡಲಿರುವ ಅಪರಾಧಕ್ಕೆ ಸಹಾಯ ಕೇಳಿದರೆ ಆ ರಕ್ಷಣೆ ಇಲ್ಲ. ಭಾವಮೈದನಿಗೆ ಇಂಥ ಯಾವ ಕಟ್ಟೂ ಇಲ್ಲ.

ಹಿಂದಿನ ರಾತ್ರಿ ಕೂತು ತಾರೀಖುವಾರು ಬರೆಯಿರಿ. ಜಗಳದ ಬೇರು ಎಲ್ಲಿಂದ, ಸರ್ವೆ ಯಾವಾಗ ಆಯಿತು, ಆ ದಿನ ಎಷ್ಟು ಗಂಟೆಗೆ ಯಾರು ಎಲ್ಲಿದ್ದರು, ಯಾರು ಕುಡಿದಿದ್ದರು, ಮೊದಲ ಏಟು ಯಾರದು. ನಿಮಗೆ ವಿರುದ್ಧವಾಗಿರುವುದನ್ನು ಬೇರೆ ಹಾಳೆಯಲ್ಲಿ ಬರೆಯಿರಿ: ಹಳೇ ಕೇಸು, ಹಿಂದೆ ಠಾಣೆಯಲ್ಲಿ ಬರೆದುಕೊಟ್ಟ ಮುಚ್ಚಳಿಕೆ, ಎದುರಾಳಿಗೆ ಕೊಡಬೇಕಾದ ಸಾಲ, ಜಗಳವಾದ ರಾತ್ರಿ ಸಿಟ್ಟಿನಲ್ಲಿ ಕಳಿಸಿದ ವಾಯ್ಸ್ ಮೆಸೇಜ್. ಈ ಎರಡನೇ ಹಾಳೆಯನ್ನೇ ವಕೀಲರು ಮೊದಲು ಓದಬೇಕು. ವಾಯ್ಸ್ ಮೆಸೇಜ್ ಅಳಿಸಿದರೆ ನಿಮ್ಮ ಫೋನಿನಿಂದ ಹೋಗಬಹುದು, ಎದುರಾಳಿ ಅದನ್ನು ಆಗಲೇ ಇನ್ನೊಂದು ಕಡೆ ಉಳಿಸಿಟ್ಟಿರುತ್ತಾನೆ. ಅಳಿಸಿದ್ದು ಮಾತ್ರ ನಿಮ್ಮ ತಲೆಗೆ ಬರುತ್ತದೆ.

ಮುಚ್ಚಿಟ್ಟರೆ ಏನಾಗುತ್ತದೆ? "ಮಚ್ಚೇ ಇರ್ಲಿಲ್ಲ ಸಾರ್" ಎಂದು ಕಕ್ಷಿದಾರ ಆಣೆ ಮಾಡುತ್ತಾನೆ. ಅದನ್ನೇ ನಂಬಿ ವಕೀಲರು ಜಾಮೀನು ಅರ್ಜಿಯಲ್ಲಿ ಬರೆಯುತ್ತಾರೆ. ಸರ್ಕಾರಿ ವಕೀಲರು ಗಾಯದ ಪ್ರಮಾಣಪತ್ರ, ಮಹಜರಿನ ಫೋಟೊ ಮುಂದಿಡುತ್ತಾರೆ. ಹೊರಗೆ ಬಂದ ಮೇಲೆ ವಕೀಲರ ಪ್ರಶ್ನೆ: "ಯಜಮಾನ್ರೇ, ಇದನ್ನ ಮೊದಲೇ ಹೇಳ್ಬಾರ್ದಿತ್ತಾ?" ಕಾಫಿ ತೋಟದಲ್ಲಿ ರೆಂಬೆ ಸವರಲು ಹೋದವನ ಕೈಯಲ್ಲಿ ಮಚ್ಚು ಇರುವುದು ಸಹಜ ಎಂದು ವಾದಿಸಲು ದಾರಿಯಿತ್ತು, ಇರಲೇ ಇಲ್ಲ ಎಂದ ಮೇಲೆ ಅದೂ ಮುಚ್ಚಿತು.

ಜೊತೆಗೆ ಒಯ್ಯಬೇಕಾದದ್ದು ಎಫ್‌ಐಆರ್, ನೋಟಿಸ್, ಪಹಣಿ, ಸರ್ವೆ ನಕ್ಷೆ, ನಿಮಗೂ ಪೆಟ್ಟಾಗಿದ್ದರೆ ಆಸ್ಪತ್ರೆಯ ಚೀಟಿ. ಗಾಯವಿದ್ದೂ ಮನೆಯಲ್ಲೇ ಎಣ್ಣೆ ಸವರಿಕೊಂಡು, ಎರಡು ವಾರದ ನಂತರ ಕೌಂಟರ್ ಕೇಸು ಹಾಕಿದರೆ ಯಾರೂ ನಂಬುವುದಿಲ್ಲ. ಅದೇ ದಿನ ತಾಲ್ಲೂಕು ಆಸ್ಪತ್ರೆಯಲ್ಲೋ ಹಾಸನದ ಹಿಮ್ಸ್ ಆಸ್ಪತ್ರೆಯಲ್ಲೋ ತೋರಿಸಿ ಎಂಎಲ್‌ಸಿ (ಪೊಲೀಸ್ ಕೇಸಿಗೆಂದು ಆಸ್ಪತ್ರೆ ಮಾಡುವ ಗಾಯದ ದಾಖಲೆ) ಮಾಡಿಸಿರಬೇಕು. ಇಲ್ಲದ ಗಾಯಕ್ಕೆ ಬ್ಯಾಂಡೇಜು ಸುತ್ತಿಸಿಕೊಂಡು ಅಡ್ಮಿಟ್ ಆಗುವ ಹಳೇ ವಿದ್ಯೆ ಬೇಡ, ಡಾಕ್ಟರ್ ಸಾಕ್ಷಿ ಹೇಳುವಾಗ ಬಯಲಾಗುತ್ತದೆ.

ಸಿಸಿಟಿವಿ ಇದ್ದರೆ ಮೊದಲ ದಿನವೇ ಹೇಳಿ. ಪೆಟ್ರೋಲ್ ಬಂಕು, ಅಂಗಡಿಗಳ ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ದೃಶ್ಯ ಉಳಿಸಿಕೊಡಿ ಎಂದು ವಕೀಲರಿಂದ ಲಿಖಿತವಾಗಿ ಕೇಳಿಸಿ. ಮೊಬೈಲಿನಲ್ಲಿ ಟಿವಿ ಪರದೆಯ ವಿಡಿಯೊ ತೆಗೆದುಕೊಂಡರೆ ಸಾಲದು, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರವೂ ಬೇಕಾಗುತ್ತದೆ.

ಮನೆಯ ಮೂರು ಜನ ಎ1, ಎ2, ಎ3 (ಒಂದು, ಎರಡು, ಮೂರನೇ ಆರೋಪಿ) ಆಗಿದ್ದು ಒಬ್ಬೊಬ್ಬರದು ಒಂದೊಂದು ಕತೆಯಾದರೆ ಬೇರೆ ವಕೀಲರನ್ನಿಡಿ. ಖರ್ಚು ಉಳಿಸಲು ಹೋಗಿ ತಮ್ಮನ ತಪ್ಪನ್ನು ಅಣ್ಣ ಹೊತ್ತದ್ದುಂಟು.

5. ಠಾಣೆಗೆ ಹೋಗುವಾಗ

ವಕೀಲರನ್ನು ಕೇಳಿಯೇ ಹೋಗಿ. ವಿಚಾರಣೆಯ ವೇಳೆ ಅವರನ್ನು ಭೇಟಿಯಾಗುವ ಹಕ್ಕಿದೆ, ಇಡೀ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳಲು ಆಗದು. ತನಿಖೆಯಲ್ಲಿ ದಾಖಲಿಸುವ ಹೇಳಿಕೆಗೆ ಸಹಿ ಪಡೆಯುವಂತಿಲ್ಲ, ಖಾಲಿ ಹಾಳೆಗಂತೂ ಹಾಕಲೇಬೇಡಿ. ಬಂಧಿಸಿದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು.

6. ಜಾಮೀನು

ಜಾಮೀನುರಹಿತ ಸೆಕ್ಷನ್ ಇದ್ದು ಬಂಧನದ ಭಯವಿದ್ದರೆ ಹಾಸನದ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಸೇರಿದ್ದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ.

ಜಾಮೀನು ಆದೇಶ ಬಂದರೂ ಶ್ಯೂರಿಟಿ (ಹೊಣೆ ನಿಲ್ಲುವವರು) ಇಲ್ಲದೆ ಜೈಲಿನಲ್ಲೇ ದಿನ ಕಳೆಯುವವರಿದ್ದಾರೆ. ಪಹಣಿ, ಆಧಾರ್ ಇಟ್ಟುಕೊಂಡು ಬರಬಲ್ಲ ಒಬ್ಬ ನೆಂಟರನ್ನು ಮೊದಲೇ ಒಪ್ಪಿಸಿಡಿ. ಅವರು ಬೇರೆಯವರಿಗೂ ಶ್ಯೂರಿಟಿ ನಿಂತಿದ್ದರೆ ಅದನ್ನು ಕೋರ್ಟಿಗೆ ಹೇಳಬೇಕು. ಕೋರ್ಟ್ ಹೊರಗೆ ದುಡ್ಡಿಗೆ ಶ್ಯೂರಿಟಿ ನಿಲ್ಲುವವರ ಸಹವಾಸ ಬೇಡ. ಪಹಣಿ ನಕಲಿಯಾಗಿದ್ದರೆ ಅದೇ ಇನ್ನೊಂದು ಕೇಸು.

7. ಡೇಟು, ರಾಜಿ

ಚಾರ್ಜ್‌ಶೀಟ್ ಆದ ಮೇಲೆ ಅದರ ಪ್ರತಿ ಪುಕ್ಕಟೆ ಸಿಗುತ್ತದೆ. ಒಂದು ಜೆರಾಕ್ಸ್ ಮನೆಯಲ್ಲಿಟ್ಟು ನೀವೂ ಓದಿ. ಜಾಗ, ಸಮಯದ ತಪ್ಪು ವಕೀಲರಿಗಿಂತ ಬೇಗ ನಿಮ್ಮ ಕಣ್ಣಿಗೆ ಬೀಳುತ್ತದೆ. 115(2), 352, 351(2)ರಂಥವು ರಾಜಿಯಾಗಬಲ್ಲವು, ಲೋಕ ಅದಾಲತ್ ಅದಕ್ಕೆ ಒಳ್ಳೆಯ ಜಾಗ. ಆದರೆ ಮಾತುಕತೆ ವಕೀಲರ ಮೂಲಕವೇ ನಡೆಯಲಿ. ನೀವೇ ದೂರುದಾರರ ಮನೆಗೆ ಹೋದರೆ ಸಾಕ್ಷಿ ಬೆದರಿಸಿದ ಎಂದಾಗುತ್ತದೆ.

ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿನ 16 ಅಂಕಿ ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿಟ್ಟರೆ ಮುಂದಿನ ಡೇಟು ತಿಳಿಯುತ್ತದೆ. ಬರಲಾಗದಿದ್ದರೆ ಹಿಂದಿನ ದಿನವೇ ವಕೀಲರಿಗೆ ಹೇಳಿ, ವಿನಾಯಿತಿ ಅರ್ಜಿ ಹಾಕಿಸಿ. ಮರೆತು ವಾರಂಟ್ ಆಗಿಬಿಟ್ಟಿದ್ದರೆ ಪೊಲೀಸರು ಮನೆಗೆ ಬರುವವರೆಗೆ ಕಾಯದೆ, ಮರುದಿನ ಕೋರ್ಟ್ ಕೂರುವ ಮೊದಲೇ ವಕೀಲರೊಂದಿಗೆ ಅಲ್ಲಿರಿ, ವಾರಂಟ್ ರೀಕಾಲ್ (ಹಿಂಪಡೆಯುವ) ಅರ್ಜಿಗೆ ಶ್ಯೂರಿಟಿಯವರನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು.