ಕೊಂಬುಚಾ ನಮ್ಮನೇದು, ಉರಿಮೂತ್ರದ ಮದ್ದು ಬೇರೆ

ತುಮಕೂರಲ್ಲಿ ಬಿಸಿಲು ಏರಿದರೆ ಉರಿಮೂತ್ರದ ಮಾತು ಶುರು. ಎಳನೀರಿಗೆ ಬರವಿಲ್ಲದ ಜಿಲ್ಲೆ ನಮ್ಮದು. ಅದು, ಬಾರ್ಲಿ ನೀರು, ನೀರು ಮಜ್ಜಿಗೆ, ಇಷ್ಟೇ ಇದ್ದ ಮನೆಮದ್ದಿಗೆ ಈಗ ಕೊಂಬುಚಾ, ಅಂದ್ರೆ ಸಕ್ಕರೆ ಹಾಕಿ ಹುದುಗಿಸಿದ ಹುಳಿ ಟೀ, ಅದೂ ಸೇರಿದೆ. ನಮ್ಮನೇಲಿ ಅದು ಸದಾ ಹುದುಗುತ್ತಿರುತ್ತದೆ. ಹಾಗಾಗಿ ಪೊರೆ (ಟೀ ಹುದುಗಿಸುವ ಈಸ್ಟು, ಬ್ಯಾಕ್ಟೀರಿಯಾಗಳ ಪದರ) ಕೇಳಿಕೊಂಡು ಬರುವವರು ಜಾಸ್ತಿ.

ಒಂದು ಲೀಟರ್ ನೀರು ಕುದಿಸಿ 2 ಚಮಚ ಟೀ ಸೊಪ್ಪು, 70-80 ಗ್ರಾಂ ಸಕ್ಕರೆ ಹಾಕುತ್ತೇನೆ. (ಪಾವಗಡದ ಕಡೆಯವರು ಆರ್‌ಒ ಫಿಲ್ಟರ್ ನೀರೇ ಬಳಸಿ, ಅಲ್ಲಿನ ನೀರಿನ ಫ್ಲೋರೈಡ್ ಕುದಿಸಿದರೆ ಹೋಗೋದಿಲ್ಲ.) ಸೋಸಿ, ಪೂರ್ತಿ ತಣ್ಣಗಾದ ಮೇಲೆ ಗಾಜಿನ ಜಾರಿಗೆ ಸುರಿದು, ಹಿಂದಿನ ಸಲದ ಹುಳಿ ಟೀ 100 ಮಿಲಿ ಸೇರಿಸಿ ಪೊರೆ ಬಿಡುತ್ತೇನೆ. ಆ ಹಳೇ ಹುಳಿ ತಪ್ಪಿಸಲೇಬಾರದು. ಮೊದಲ ದಿನಗಳಲ್ಲಿ ಬೂಷ್ಟು ಹಿಡಿಯದ ಹಾಗೆ ಕಾಯುವುದು ಅದೇ. ಬಾಯಿಗೆ ಹಳೇ ಪಂಚೆ ಬಟ್ಟೆ ಬಿಗಿಯಾಗಿ ಕಟ್ಟಬೇಕು, ಇಲ್ಲಾಂದ್ರೆ ಹಣ್ಣಿನ ನೊಣ ಮುತ್ತುತ್ತವೆ. ತಾಮ್ರ, ಹಿತ್ತಾಳೆ ಸುತರಾಂ ಬೇಡ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತದೆ.

ಏಪ್ರಿಲ್‌ನಲ್ಲಿ ವಾರದೊಳಗೇ ಹುಳಿ ಬರುತ್ತದೆ, ಡಿಸೆಂಬರ್‌ನಲ್ಲಿ ಎರಡು ವಾರ ಬೇಕು. ಮೇಲೆ ಹೊಸ ಪೊರೆ ಮೊದಲು ಆರಿದ ಹಾಲಿನ ಕೆನೆ ಥರ ತೆಳ್ಳಗೆ ಕಟ್ಟಿ, ಆಮೇಲೆ ದಪ್ಪವಾಗಿ ಕೈಗೆ ಜಾರುತ್ತದೆ. ಕೆಳಗೆ ಇಳಿಬಿದ್ದ ಕಂದು ಎಳೆಗಳು ಈಸ್ಟು, ಹೆದರಬೇಡಿ. ಒಣಗಿದ ಹಾಗೆ ಹಸಿರು, ಕಪ್ಪು ಬೂಷ್ಟು ಕಂಡರೆ ಮಾತ್ರ ಪೊರೆ ಸಮೇತ ಚೆಲ್ಲುತ್ತೇನೆ.

ಇನ್ನು ಉರಿಮೂತ್ರ. ಹುಳಿ ಕುಡಿದರೆ ಮೂತ್ರವೂ ಹುಳಿಯಾಗಿ ಕ್ರಿಮಿ ಸಾಯುತ್ತೆ ಅನ್ನೋದು ಜನರ ಲೆಕ್ಕ. ಕೇಳೋಕೆ ಸರಿ ಅನ್ನಿಸುತ್ತೆ, ಅಲ್ವಾ? ಆದರೆ ಇದರ ಮುಖ್ಯ ಹುಳಿ ಅಸಿಟಿಕ್ ಆಮ್ಲ, ವಿನೆಗರ್‌ನಲ್ಲಿ ಇರುವುದೇ. ಅದನ್ನು ಮೈ ಶಕ್ತಿಗೆ ಬಳಸಿ ಮುಗಿಸುತ್ತದೆ, ಮೂತ್ರಕೋಶದವರೆಗೆ ಹಾಗೇ ಇಳಿಯೋದಿಲ್ಲ. ನನಗೇ ಸೋಂಕಾದಾಗ ಮೂತ್ರದ ಕಲ್ಚರ್ (ಯಾವ ಕ್ರಿಮಿ ಅಂತ ನೋಡುವ ಪರೀಕ್ಷೆ) ಮಾಡಿಸಿದೆ. ಸಿಕ್ಕಿದ್ದು ಇ. ಕೋಲಿ, ಬಹುಪಾಲು ಜನರಿಗೆ ಸಿಗುವುದೂ ಅದೇ. ಇಳಿದಿದ್ದು ಡಾಕ್ಟರ್ ಬರೆದ ನೈಟ್ರೋಫ್ಯುರಾಂಟೋಯಿನ್ ಅನ್ನೋ ಆ್ಯಂಟಿಬಯಾಟಿಕ್‌ನಿಂದ. ಉರಿ ಇದ್ದಷ್ಟು ದಿನ ಕೊಂಬುಚಾ ಮುಟ್ಟಲಿಲ್ಲ, ಟೀಯ ಕೆಫೀನ್ ಮೂತ್ರಕೋಶವನ್ನು ಕೆರಳಿಸಬಹುದು. ಸುಮ್ನೆ ನೀರು ಕುಡಿದೆ. ನೀರಿಗೆ ಆಧಾರವೂ ಇದೆ: ನೀರು ಕಡಿಮೆ ಕುಡಿಯುವ, ಪದೇ ಪದೇ ಸೋಂಕಾಗುವ ಹೆಂಗಸರು ದಿನಕ್ಕೆ ಒಂದೂವರೆ ಲೀಟರ್ ಜಾಸ್ತಿ ಕುಡಿದಾಗ ಸೋಂಕು ಸುಮಾರು ಅರ್ಧಕ್ಕಿಳಿಯಿತು ಎಂದು 2018ರ ಅಧ್ಯಯನವೊಂದು ತೋರಿಸಿತು.

ಪೊರೆ ಕೇಳಿದವರಿಗೆ ಕೊಡುತ್ತೇನೆ. ಚಳಿಜ್ವರ, ಪಕ್ಕೆ ನೋವು ಇದ್ದರೆ ಮೊದಲು ಆಸ್ಪತ್ರೆಗೆ ಹೋಗಿ ಅನ್ನುತ್ತೇನೆ. ಬಸುರಿಯರಿಗೆ ಕೊಡೋದೇ ಇಲ್ಲ. ಮಿಕ್ಕವರಿಗೂ ದಿನಕ್ಕೆ ಅರ್ಧ ಲೋಟ ಸಾಕು, ಅದೂ ರುಚಿಗೆ.